ಎಚ್‌ಐವಿ ಮಾತ್ರೆ ಸರಿಯಾಗಿ ತಗೊಳ್ತಿದ್ದೇನೆ, ಆದರೂ ಮುಟ್ಟು ಏರುಪೇರು

ಕಾಪುವಿನವಳು:
ನನಗೆ 38. ಗೇರುಬೀಜ ಫ್ಯಾಕ್ಟರಿಯಲ್ಲಿ ಕೆಲಸ. 4 ವರ್ಷದಿಂದ ಉಡುಪಿ ಅಜ್ಜರಕಾಡಿನ ಜಿಲ್ಲಾಸ್ಪತ್ರೆಯಿಂದ ಎಚ್‌ಐವಿಯ ಟಿಎಲ್‌ಡಿ ಮಾತ್ರೆ ತರುತ್ತೇನೆ, ಒಂದು ದಿನವೂ ತಪ್ಪಿಸಿಲ್ಲ. ವೈರಲ್ ಲೋಡ್ (ರಕ್ತದಲ್ಲಿರುವ ವೈರಸ್ ಪ್ರಮಾಣ) ಕಾಣುವಷ್ಟೂ ಇಲ್ಲ ಎಂದು ರಿಪೋರ್ಟ್ ಬಂದಿದೆ. ಆದರೆ ಆಟಿ ತಿಂಗಳಲ್ಲಿ ಮುಟ್ಟೇ ಆಗಲಿಲ್ಲ. ಮರುತಿಂಗಳು ಸೋಣದಲ್ಲಿ ಆದದ್ದು 11 ದಿನ ನಿಲ್ಲಲಿಲ್ಲ. ಬೀಜ ಸುಲಿದು ಎದ್ದರೆ ಕಣ್ಣು ಕತ್ತಲೆ ಬರುತ್ತದೆ.

ಇಲ್ಲೇ ಒಂದು ಕ್ಲಿನಿಕ್‌ಗೆ ಹೋದೆ. ಫೈಲ್ ನೋಡಿದವರೇ "ನಿಮ್ಮ ಕಾಯಿಲೆಗೆ ಇದೆಲ್ಲ ಇದ್ದದ್ದೇ" ಎಂದು ಕಬ್ಬಿಣದ ಮಾತ್ರೆ ಬರೆದು ಕಳಿಸಿದರು. ಬಸ್ಸಿಗೆ ಓಡುವ ಮೊದಲು ಖಾಲಿ ಹೊಟ್ಟೆಗೆ ಟಿಎಲ್‌ಡಿ, ಕಬ್ಬಿಣ ಎರಡನ್ನೂ ಒಟ್ಟಿಗೇ ನುಂಗುತ್ತೇನೆ.

ಇನ್ನೊಂದು. ಪ್ಯಾಡನ್ನು ಬಚ್ಚಲ ಒಲೆಗೆ ಹಾಕಲು ಅತ್ತೆ ಬಿಡುವುದಿಲ್ಲ. ಹೊಗೆಯಲ್ಲಿ ಹರಡುತ್ತದಂತೆ! ನಿಜವಾ?

ಹಳೇ ಪೇಷೆಂಟ್, ಮಂಗಳೂರು:
ತಂಗಿ, 11 ವರ್ಷದ ಹಿಂದೆ ನನಗೂ ಐದು ತಿಂಗಳು ಮುಟ್ಟು ನಿಂತಿತ್ತು. ಆಗ ನನ್ನ ತೂಕ 36 ಕಿಲೋ, ಸಿಡಿ4 (ರೋಗ ತಡೆಯುವ ರಕ್ತಕಣಗಳ ಲೆಕ್ಕ) ತೀರಾ ಕೆಳಗೆ. ಮಾತ್ರೆ ಹಿಡಿದು ಮೈ ತುಂಬಿಕೊಂಡ ಮೇಲೆ ತಾನಾಗಿ ಬಂತು. ನಿನ್ನದು ಹಾಗಲ್ಲ ಅಲ್ವಾ, ಲೋಡೇ ಇಲ್ಲ. ಎಲ್ಲವನ್ನೂ ಎಚ್‌ಐವಿ ತಲೆಗೆ ಕಟ್ಟಬೇಡ. ಕಳೆದ ವರ್ಷ ನನಗೆ ಜಾಸ್ತಿ ಹೋಗುತ್ತಿದ್ದದ್ದು ಫೈಬ್ರಾಯ್ಡ್‌ನಿಂದ, ಅಂದರೆ ಗರ್ಭಕೋಶದ ಗಡ್ಡೆಯಿಂದ.

ನರ್ಸಕ್ಕ:
ಮೊದಲು ಆ ಕಬ್ಬಿಣದ ಮಾತ್ರೆ. ಟಿಎಲ್‌ಡಿಯಲ್ಲಿರುವ ಡೊಲುಟೆಗ್ರಾವಿರ್ ಎಂಬ ಔಷಧವನ್ನು ಖಾಲಿ ಹೊಟ್ಟೆಯಲ್ಲಿ ಕಬ್ಬಿಣದ ಜೊತೆ ನುಂಗಿದರೆ ಅದು ಮೈಗೆ ಸರಿಯಾಗಿ ಹತ್ತುವುದಿಲ್ಲ. ಟಿಎಲ್‌ಡಿ ತೆಗೆದುಕೊಂಡು 2 ಗಂಟೆ ಕಳೆದ ಮೇಲೆ ಕಬ್ಬಿಣ ತಗೊಳ್ಳಿ. ಒಟ್ಟಿಗೇ ಬೇಕಾದರೆ ಊಟದ ಜೊತೆ. ಕ್ಯಾಲ್ಸಿಯಂಗೂ ಇದೇ ಲೆಕ್ಕ. ಎಚ್‌ಐವಿ ಮಾತ್ರೆ ಕೊಡುವ ಎಆರ್‌ಟಿ ಸೆಂಟರ್‌ನಲ್ಲೂ ಹೇಳಿಬಿಡಿ.

ಮುಟ್ಟು ತಪ್ಪಿದ್ದರಿಂದ ಮೊದಲು ಪ್ರೆಗ್ನೆನ್ಸಿ ಟೆಸ್ಟ್. ಆಮೇಲೆ ಹಿಮೋಗ್ಲೋಬಿನ್, ಥೈರಾಯ್ಡ್, ಸ್ಕ್ಯಾನಿಂಗ್. ಗರ್ಭಕೋಶದ ಬಾಯಿಯ ಕ್ಯಾನ್ಸರ್ ಪರೀಕ್ಷೆಯನ್ನೂ ಕೇಳಿ ಮಾಡಿಸಿಕೊಳ್ಳಿ. ಉಳಿದವರಿಗೆ 30ರಿಂದ, ಎಚ್‌ಐವಿ ಇರುವವರಿಗೆ 25ರಿಂದಲೇ ಅದು ಬೇಕು. ಗಂಟೆಗೊಂದು ಪ್ಯಾಡ್ ನೆನೆಯುತ್ತಿದ್ದರೆ ಕಾಯಬೇಡಿ, ಅವತ್ತೇ ಹೋಗಿ. ಕಾಯಿಲೆಯ ನೆಪದಲ್ಲಿ ಚಿಕಿತ್ಸೆ ನಿರಾಕರಿಸುವಂತಿಲ್ಲ, 2017ರ ಕಾನೂನೇ ಇದೆ. ಸಂಶಯವಿದ್ದರೆ ಎಚ್‌ಐವಿ ಸಹಾಯವಾಣಿ 1097ಕ್ಕೆ ಫೋನ್ ಮಾಡಿ, ದುಡ್ಡಿಲ್ಲ.

ಹೊಗೆಯಲ್ಲಿ ಎಚ್‌ಐವಿ ಹರಡುವುದಿಲ್ಲ. ಆದರೂ ಒಲೆಗೆ ಹಾಕಬೇಡಿ, ಅದರಲ್ಲಿ ಪ್ಲಾಸ್ಟಿಕ್ ಉಂಟು. ಪೇಪರಿನಲ್ಲಿ ಸುತ್ತಿ ಕಸದ ಗಾಡಿಗೆ ಕೊಡಿ, ಎಲ್ಲರ ಹಾಗೆ.

ಕಾಪುವಿನವಳು:
ಹೋಗಿ ಬಂದೆ. ಗರ್ಭ ಅಲ್ಲ. ಹಿಮೋಗ್ಲೋಬಿನ್ 8.2. ಸೋಮವಾರ ಸ್ಕ್ಯಾನಿಂಗ್. ಕಬ್ಬಿಣದ ಮಾತ್ರೆ ಈಗ ಮಧ್ಯಾಹ್ನದ ಗಂಜಿ ಜೊತೆ. ಪ್ಲಾಸ್ಟಿಕ್ ವಿಷಯ ಅತ್ತೆಗೆ ಓದಿ ಹೇಳಿದೆ. "ನಾನು ಹೇಳಿದ್ದೂ ಅದೇ ಅಲ್ವಾ" ಅಂದರು!