ಸಹಾಯ ಬೇಕು: ಲಿನಕ್ಸ್ ಕರ್ನಲ್‌ಗೆ ಮೊದಲ ಪ್ಯಾಚ್ ಕಳುಹಿಸುವ ಬಗ್ಗೆ

ಎಲ್ಲರಿಗೂ ನಮಸ್ಕಾರ. ಸಿ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವ ಅಭ್ಯಾಸವಿರುವ ನಾನು ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನಲ್ಲಿನ ಅಭಿವೃದ್ಧಿಯಲ್ಲಿ ಕೈಜೋಡಿಸಬೇಕೆಂದಿದ್ದೇನೆ. ಕರ್ನಲ್ಲನ್ನು ಕಂಪೈಲ್ ಮಾಡಿ ಕ್ಯೂಎಮು ಎಂಬ ವರ್ಚುವಲ್ ಯಂತ್ರದಲ್ಲಿ ಬೂಟ್ ಮಾಡಲು ಬರುತ್ತದೆ. ತೊಡಕಿರುವುದು ಅದರ ಮುಂದಿನ ಹೆಜ್ಜೆಯಲ್ಲಿ.

ಹೊಸಬರು ಡ್ರೈವರ್ಸ್ ಫೋಲ್ಡರಿನೊಳಗಿನ ಸ್ಟೇಜಿಂಗ್ ವಿಭಾಗದಿಂದ (ಇನ್ನೂ ಪೂರ್ತಿ ಸಿದ್ಧವಾಗದ ಡ್ರೈವರ್‌ಗಳಿರುವ ಜಾಗ) ಆರಂಭಿಸಿ, ಚೆಕ್‌ಪ್ಯಾಚ್ ಸ್ಕ್ರಿಪ್ಟ್ ತೋರಿಸುವ ಕೋಡ್ ಶೈಲಿಯ ದೋಷಗಳನ್ನು ತಿದ್ದಿ ಕಳುಹಿಸುವುದು ರೂಢಿ. ಇಮೇಲ್ ಮೂಲಕ ಪ್ಯಾಚ್ (ಕೋಡಿನಲ್ಲಿ ಮಾಡಿದ ಬದಲಾವಣೆ) ಕಳುಹಿಸುವ ಕ್ರಮವನ್ನೂ ಸಹಿಯ ಸಾಲನ್ನು ಸೇರಿಸುವ ನಿಯಮವನ್ನೂ ಕಲಿಯಲು ಇದು ಒಳ್ಳೆಯ ದಾರಿಯೇ ಆದರೂ, ಖಾಲಿ ಜಾಗ ಮತ್ತು ಸಾಲಿನ ಉದ್ದಗಳನ್ನು ಸರಿಪಡಿಸುವುದರಿಂದಲೇ ಕರ್ನಲ್ಲಿನ ಒಳಗುಟ್ಟು ತಿಳಿಯುತ್ತದೆಂದು ನನಗೆ ಅನ್ನಿಸುವುದಿಲ್ಲ.

ಆದ್ದರಿಂದ ಅನುಭವಿಗಳಲ್ಲಿ ನನ್ನ ಕೋರಿಕೆ ಇಷ್ಟು: ಸ್ಟೇಜಿಂಗ್ ಡ್ರೈವರ್‌ಗಳ ಜೊತೆಗಿರುವ ಟುಡು (ಬಾಕಿ ಕೆಲಸಗಳ ಪಟ್ಟಿ) ಕಡತಗಳಲ್ಲಿನ ಕೆಲಸ, ಕರ್ನಲ್ಲನ್ನು ತಾನಾಗಿಯೇ ಪರೀಕ್ಷಿಸುವ ಸಿಜ್‌ಬಾಟ್ ವರದಿ ಮಾಡುವ ದೋಷಗಳು, ಕರ್ನಲ್ಲಿನದೇ ಪರೀಕ್ಷೆಗಳ ಸಂಗ್ರಹವಾದ ಕೆಸೆಲ್ಫ್‌ಟೆಸ್ಟ್‌ಗೆ ಹೊಸ ಪರೀಕ್ಷೆಗಳನ್ನು ಬರೆಯುವುದು, ಈ ಮೂರರಲ್ಲಿ ಎರಡನೆಯ ಹಂತಕ್ಕೆ ಯಾವುದು ತಕ್ಕುದೆಂದು ದಯವಿಟ್ಟು ತಿಳಿಸಿ. ನನ್ನ ಒಲವು ಕಡತ ವ್ಯವಸ್ಥೆಗಳ ಕಡೆಗಿದೆ (ಡ್ರೈವರ್ ಪರೀಕ್ಷಿಸಲು ಬೇಕಾದ ಹಾರ್ಡ್‌ವೇರ್ ಇಲ್ಲದಿರುವುದೂ ಇದಕ್ಕೆ ಕಾರಣ). ಪ್ಯಾಚ್‌ಗೆ ಉತ್ತರ ಬಾರದಿದ್ದರೆ ಕನಿಷ್ಠ 1 ವಾರ ಕಾಯಬೇಕೆಂದು ಕರ್ನಲ್ ದಾಖಲೆಯಲ್ಲಿದೆ. ಆದರೆ ಮರ್ಜ್ ವಿಂಡೋದ (ಹೊಸ ಬದಲಾವಣೆಗಳನ್ನು ಮುಖ್ಯ ಕರ್ನಲ್ಲಿಗೆ ಸೇರಿಸಿಕೊಳ್ಳುವ ಅವಧಿ) 2 ವಾರಗಳು ನಡುವೆ ಬಂದರೆ ನಿರ್ವಾಹಕರಿಗೆ ನೆನಪಿಸುವುದು ಯಾವಾಗ ಉಚಿತ? ಬೆಂಗಳೂರಿನಲ್ಲಿ ಕರ್ನಲ್ ಕೆಲಸ ಮಾಡುವವರು ಯಾರಾದರೂ ನನ್ನ ಮೊದಲ ಪ್ಯಾಚನ್ನು ಕಳುಹಿಸುವ ಮುನ್ನ ಒಮ್ಮೆ ನೋಡಿಕೊಟ್ಟರೆ ಉಪಕಾರವಾಗುತ್ತದೆ.