ಗುರುವಿನ ಮೇಲೆ ಅದರ ಚಂದ್ರ ಅಯೋ ಹಾದು ಹೋಗೋದು ಕಾಣ್ತಾನೇ ಇಲ್ಲ!

ತಾರಸಿ_ಮೈಸೂರು (ಮಾರ್ಚ್ 2026)
ಇವತ್ತೂ ಅದೇ ಕತೆ. ಆ್ಯಪ್ ಪ್ರಕಾರ ಅಯೋ ಗುರುವಿನ ಮುಂದೆ ಇತ್ತು. ಅರ್ಧ ಗಂಟೆ ಕಣ್ಣು ನೋಯುವಷ್ಟು ನೋಡಿದೆ. ಎರಡು ಪಟ್ಟೆ ಚೆನ್ನಾಗಿ ಕಾಣುತ್ತವೆ, ಕಪ್ಪು ಚುಕ್ಕೆ ಮಾತ್ರ ಇಲ್ಲ. ತುಂಬಾ ಬೇಜಾರಾಗಿದೆ. ಏನು ಮಾಡಲಿ?

ಎಂಟಿಂಚು
ಕೊಲಿಮೇಶನ್ (ಕನ್ನಡಿಗಳ ಜೋಡಣೆ) ಹೋಗಿದೆ. ಒಂದು ನಕ್ಷತ್ರವನ್ನು ಸ್ವಲ್ಪ ಫೋಕಸ್ ತಪ್ಪಿಸಿ ನೋಡಿ. ಉಂಗುರಗಳು ಒಂದು ಕಡೆ ವಾಲಿದ್ದರೆ ಅದೇ ಕಾರಣ.

ಮಲೆನಾಡು_ಆಕಾಶ
ಯಾವ ಟೆಲಿಸ್ಕೋಪ್ ಸಾರ್? ಐಪೀಸ್ (ಕಣ್ಣಿಡುವ ಮಸೂರ) ಯಾವುದು?

ತಾರಸಿ_ಮೈಸೂರು
ಮಾಮೂಲಿ 114/900 (114 ಎಂಎಂ ಕನ್ನಡಿ, 900 ಎಂಎಂ ಫೋಕಲ್ ಉದ್ದ). ಐಪೀಸ್ 10 ಎಂಎಂ, ಜೊತೆಗೆ 2ಎಕ್ಸ್ ಬಾರ್ಲೋ (ಪಟ್ಟು ಇಮ್ಮಡಿ ಮಾಡುವ ಮಸೂರ).

ಎಂಟಿಂಚು
ಜೊತೆಗೆ ಬಂದ ಬಾರ್ಲೋ ತಾನೇ? ತೆಗೆದಿಡಿ. ಕೊಲಿಮೇಶನ್ ಮಾಡಿ, ಮತ್ತೆ ನೋಡಿ.

ಮಲೆನಾಡು_ಆಕಾಶ
ನಿಮ್ಮದು ಎಫ್/8 (ಫೋಕಲ್ ಉದ್ದ ಕನ್ನಡಿಯ ಅಗಲದ ಸುಮಾರು 8 ಪಟ್ಟು), ಅದಕ್ಕೆ ಕೊಲಿಮೇಶನ್ ಸ್ವಲ್ಪ ಆಚೀಚೆ ಆದರೂ ನೆರಳು ಮಾಯ ಆಗಲ್ಲ. 180 ಪಟ್ಟು ಧಾರಾಳ ಸಾಕು. ಸಾರ್, ಆಗ ಗುರುವಿನ ಪಕ್ಕದಲ್ಲಿ ಎಷ್ಟು ಚಂದ್ರ ಕಂಡವು?

ಎಂಟಿಂಚು
ಅಗ್ಗದ ಬಾರ್ಲೋ ಹಾಕಿದರೆ ಚಿತ್ರ ಮಸುಕಾಗುತ್ತದೆ. ನಾನು ನನ್ನ 8 ಇಂಚಿನ ಡಾಬ್‌ಗೆ (ಡಾಬ್ಸೋನಿಯನ್ ಟೆಲಿಸ್ಕೋಪ್) ಅದನ್ನು ಮುಟ್ಟಿಸುವುದೇ ಇಲ್ಲ. ಒಂದು ಗಂಟೆ ಮೊದಲೇ ಹೊರಗಿಟ್ಟು ಕನ್ನಡಿ ತಣಿಸುತ್ತೇನೆ, 120 ಪಟ್ಟಿಗೇ ನೆರಳು ಶಾಯಿ ಚುಕ್ಕೆ ಥರ ಕಾಣುತ್ತದೆ.

ತಾರಸಿ_ಮೈಸೂರು
ಮೂರು.

ಮಲೆನಾಡು_ಆಕಾಶ
ನಾಲ್ಕು ದೊಡ್ಡ ಚಂದ್ರಗಳಲ್ಲಿ ಅಯೋ ಬಿಟ್ಟು ಉಳಿದ ಮೂರೂ ಕಂಡಿವೆ. ಹಾಗಾದರೆ ಟೆಲಿಸ್ಕೋಪ್ ಸರಿ ಇದೆ, ಆ್ಯಪ್ ಸಮಯವೂ ಸರಿ ಇದೆ. ಅಯೋ ಮುಂದೆಯೇ ಇತ್ತು, ಆದರೆ ಅದು ಕಪ್ಪಗೆ ಕಾಣಲ್ಲ. ಅದಕ್ಕೂ ಗುರುವಿನ ಮೋಡಕ್ಕೂ ಹೊಳಪು ಹೆಚ್ಚು ಕಡಿಮೆ ಒಂದೇ. ಅಂಚು ಸ್ವಲ್ಪ ಮಬ್ಬು, ಹಾಗಾಗಿ ಒಳಗೆ ಬರುವಾಗ ಬೆಳ್ಳಗಿನ ಚುಕ್ಕೆ ಕಾಣುತ್ತದೆ. ಆಮೇಲೆ ಕರಗಿ ಹೋಗುತ್ತದೆ. ನೀವು ಹುಡುಕುತ್ತಿರುವ ಕಪ್ಪು ಚುಕ್ಕೆ ಅದರ ನೆರಳು.

ಜನವರಿ 10ಕ್ಕೆ ಗುರು ಸೂರ್ಯನಿಗೆ ನೇರ ಎದುರಿತ್ತು. ಅದಕ್ಕೂ ಮೊದಲು ನೆರಳು ಮುಂದೆ, ಚಂದ್ರ ಹಿಂದೆ. ಈಗ ಚಂದ್ರ ಮುಂದೆ, ನೆರಳು ಹಿಂದೆ. ಈ ತಿಂಗಳು ಹೆಚ್ಚು ಕಡಿಮೆ ಒಂದು ಗಂಟೆ ತಡ. ನೀವು ಅರ್ಧ ಗಂಟೆಗೇ ಎದ್ದುಬಿಟ್ಟಿರಿ. ಆ್ಯಪ್‌ನಲ್ಲಿ ನೆರಳಿನ ಸಮಯ ಬೇರೆಯೇ ಇರುತ್ತದೆ, ಅದನ್ನು ನೋಡಿ.

ಎಂಟಿಂಚು
ಒಪ್ಪಿದೆ, ಆದರೂ ಕೊಲಿಮೇಶನ್ ನೋಡುವುದು ಒಳ್ಳೆಯದು.

ತಾರಸಿ_ಮೈಸೂರು
ಹೌದು, ಕೆಳಗೆ ಇನ್ನೊಂದು ಸಾಲು ಇದೆ! ಅಯೋಗೆ 42 ಗಂಟೆಗೊಂದು ಸುತ್ತು ಅಲ್ವಾ, ಮತ್ತೆ ಬೇಗ ಸಿಗುತ್ತದೆ. ಬಾರ್ಲೋ ಇಟ್ಟುಕೊಳ್ಳಲಾ, ಬೇಡವಾ?

ಎಂಟಿಂಚು
ಬೇಡ.

ಮಲೆನಾಡು_ಆಕಾಶ
ಇಟ್ಟುಕೊಳ್ಳಿ.

ಹೊಸ_ಡಾಬ್
ಗುರುವಿನ ಇನ್ನೊಂದು ಚಂದ್ರ ಗ್ಯಾನಿಮೀಡ್ ದೊಡ್ಡದು, ಬಣ್ಣವೂ ಮಂಕು. ಅದು ಹಾದು ಹೋಗುವಾಗ 114ರಲ್ಲಿ ಚಂದ್ರನೇ ಕಾಣಬಹುದಾ? ನೋಡಿದವರು ಯಾರಾದರೂ ಇದ್ದೀರಾ?