105 ಕ್ಯೂಬಿಟ್‌ಗೆ ಇಷ್ಟು ಗಲಾಟೆ ಯಾಕೆ? 1,121 ಇರೋದು ಮೊದಲೇ ಬಂದಿತ್ತಲ್ಲ!

ಸೊನ್ನೆ_ಒಂದು:

ಎಲ್ಲರಿಗೂ ನಮಸ್ಕಾರ. ನಾನು ಪಿಯು ಕಾಲೇಜಲ್ಲಿ ಕಂಪ್ಯೂಟರ್ ಸೈನ್ಸ್ ಪಾಠ ಮಾಡುವವನು. ಮೊನ್ನೆ ಕೊನೇ ಬೆಂಚಿನ ಹುಡುಗನೊಬ್ಬ ಎದ್ದು ನಿಂತು ಕೇಳಿದ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಪೋರ್ಷನ್ ಮುಗಿಯಲಿ, ಆಮೇಲೆ ಹೇಳ್ತೀನಿ ಕೂತ್ಕೋ ಎಂದು ತಪ್ಪಿಸಿಕೊಂಡು ಬಂದೆ. ಅವನು ಬಿಡುವ ಪೈಕಿ ಅಲ್ಲ, ಸೋಮವಾರ ಮತ್ತೆ ಕೇಳುತ್ತಾನೆ.

ಅವನ ಪ್ರಶ್ನೆ ಇದು. ಐಬಿಎಂನವರು 2023ರ ಡಿಸೆಂಬರ್‌ನಲ್ಲಿ ಕಾಂಡೋರ್ ಅಂತ 1,121 ಕ್ಯೂಬಿಟ್‌ನ ಕ್ವಾಂಟಮ್ ಕಂಪ್ಯೂಟರ್ ಚಿಪ್ ತೋರಿಸಿದರು (ಕ್ಯೂಬಿಟ್ ಅಂದರೆ ಕ್ವಾಂಟಮ್ ಬಿಟ್, ಸೊನ್ನೆ ಮತ್ತು ಒಂದರ ಬೆರಕೆಯಲ್ಲೂ ಇರಬಲ್ಲದು). ಸರಿಯಾಗಿ ಒಂದು ವರ್ಷ ಬಿಟ್ಟು ಗೂಗಲ್‌ನವರು ವಿಲೋ ಅಂತ 105 ಕ್ಯೂಬಿಟ್ ಚಿಪ್ ತಂದರು. ಹತ್ತರಲ್ಲಿ ಒಂದು ಪಾಲೂ ಇಲ್ಲ. ಆದರೂ ಎಲ್ಲರೂ ವಿಲೋ ವಿಲೋ ಅಂತಾರೆ. ಯಾಕೆ?

ನಾನು ಓದಿದ ಕಡೆಯೆಲ್ಲ "ಕ್ಯೂಬಿಟ್ ಜಾಸ್ತಿ ಮಾಡಿದಷ್ಟೂ ತಪ್ಪು ಕಮ್ಮಿಯಾಯಿತು" ಎಂದು ಬರೆದಿದ್ದಾರೆ. ಅದರಲ್ಲೇನು ವಿಶೇಷ ಅಂತ ತಲೆಗೆ ಹೋಗಲಿಲ್ಲ. ಜೊತೆಗೆ ನಮ್ಮ ಮಾವನವರು ಮನೆ ಗ್ರೂಪಿನಲ್ಲಿ "ಇನ್ನು ಯಾರ ಬ್ಯಾಂಕ್ ಖಾತೆಯೂ ಸೇಫ್ ಅಲ್ಲ" ಅಂತ ಒಂದು ಫಾರ್ವರ್ಡ್ ಹಾಕಿದ್ದಾರೆ. ಅದಕ್ಕೂ ಯಾರಾದರೂ ಉತ್ತರ ಕೊಟ್ಟರೆ ಪುಣ್ಯ ಬರುತ್ತೆ.

ಮೈನಸ್_273:

ಸರ್, ನಿಮ್ಮ ಹುಡುಗ ಕೇಳಿದ್ದು ಸರಿಯಾದ ಪ್ರಶ್ನೆ. ಪೇಪರಿನವರೇ ಎಷ್ಟೋ ಜನ ಕೇಳಲಿಲ್ಲ. ನಾನು ಕೆಲವು ವರ್ಷ ತೀರಾ ತಣ್ಣನೆಯ ಯಂತ್ರಗಳ ಲ್ಯಾಬಿನಲ್ಲಿ ಇದ್ದವನು, ಗೊತ್ತಿರುವಷ್ಟು ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತೆ.

ಮೊದಲು ಒಂದು ಮಾತು. ಕ್ಯೂಬಿಟ್ ಎಂಬುದು ತೀರಾ ಚಂಚಲ. ಈ ಚಿಪ್‌ಗಳನ್ನು ನಿರಪೇಕ್ಷ ಸೊನ್ನೆಗಿಂತ (ಸುಮಾರು ಮೈನಸ್ 273 ಡಿಗ್ರಿ, ಅದಕ್ಕಿಂತ ತಣ್ಣಗೆ ಯಾವುದೂ ಆಗಲ್ಲ) ಒಂದು ಡಿಗ್ರಿಯ ನೂರನೇ ಒಂದು ಭಾಗದಷ್ಟೇ ಮೇಲೆ ಇಡುತ್ತಾರೆ. ಅಷ್ಟು ಮಾಡಿದರೂ ವಿಲೋದಂಥ ಒಳ್ಳೆಯ ಚಿಪ್‌ನಲ್ಲಿ ಒಂದು ಕ್ಯೂಬಿಟ್ ತನ್ನ ಮಾಹಿತಿಯನ್ನು ಸುಮಾರು ನೂರು ಮೈಕ್ರೋಸೆಕೆಂಡು ಹಿಡಿದಿಟ್ಟುಕೊಂಡರೆ ಹೆಚ್ಚು. ಆಮೇಲೆ ಮರೆವು. ಹಾಗಾಗಿ ಒಂದೊಂದೇ ಕ್ಯೂಬಿಟ್ ನಂಬಿ ಉದ್ದನೆಯ ಲೆಕ್ಕ ಮಾಡುವುದಕ್ಕೆ ಆಗಲ್ಲ. ಹಲವು ಕ್ಯೂಬಿಟ್ ಸೇರಿಸಿ ಒಂದು ಗಟ್ಟಿ ಕ್ಯೂಬಿಟ್ ಮಾಡಬೇಕು. ಅದಕ್ಕೆ ಲಾಜಿಕಲ್ ಕ್ಯೂಬಿಟ್ ಅನ್ನುತ್ತಾರೆ.

ಈಗ ಬೋರ್ಡ್ ಮೇಲೆ ಚೌಕಾಬಾರದ ಮನೆ ಬರೆಯಿರಿ, ಐದಕ್ಕೆ ಐದು. ಪ್ರತಿ ಮನೆಯಲ್ಲಿ ಒಂದು ಕ್ಯೂಬಿಟ್, ಒಟ್ಟು 25. ಮಾಹಿತಿ ಇರುವುದು ಇವುಗಳಲ್ಲಿ, ಯಾವುದೋ ಒಂದರಲ್ಲಿ ಅಲ್ಲ, ಎಲ್ಲದರಲ್ಲೂ ಹರಡಿಕೊಂಡು. ಮನೆಗಳ ಮೂಲೆ ಸೇರುವ ಜಾಗದಲ್ಲಿ ಒಂದೊಂದು ಕಾವಲು ಕ್ಯೂಬಿಟ್ ಇಡಿ, ಒಳಗೆ 16, ಅಂಚಿನಲ್ಲಿ 8. ಒಟ್ಟು 25 ಮತ್ತು 24, 49 ಆಯಿತು. ಇದೇ ಸರ್ಫೇಸ್ ಕೋಡ್. ಮೂರಕ್ಕೆ ಮೂರು ಮಾಡಿದರೆ 17 ಕ್ಯೂಬಿಟ್ ಬೇಕು, ಏಳಕ್ಕೆ ಏಳು ಮಾಡಿದರೆ 97.

ಮಜಾ ಇರುವುದು ಮುಂದೆ. ಕಾವಲಿಗೆ ಇಟ್ಟ ಕ್ಯೂಬಿಟ್‌ಗಳೂ ಅದೇ ಜಾತಿಯವು. ಅವೂ ತಪ್ಪು ಮಾಡುತ್ತವೆ, ಪಕ್ಕದವರನ್ನು ಮುಟ್ಟುವಾಗ ಅವರನ್ನೂ ಕೆಡಿಸುತ್ತವೆ. ಕ್ಯೂಬಿಟ್‌ಗಳ ಗುಣಮಟ್ಟ ಸಾಲದಿದ್ದರೆ ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ, ಕಾವಲು ಜಾಸ್ತಿ ಮಾಡಿದಷ್ಟೂ ನಷ್ಟ ಜಾಸ್ತಿ. ಒಂದೊಂದು ಹೆಜ್ಜೆಯ ತಪ್ಪು ಒಂದು ಮಿತಿಗಿಂತ ಕೆಳಗೆ ಇಳಿದರೆ ಮಾತ್ರ ಲೆಕ್ಕ ತಿರುಗಿ ಬೀಳುತ್ತದೆ. ಆ ಮಿತಿ ಹೆಚ್ಚುಕಮ್ಮಿ ನೂರಕ್ಕೆ ಒಂದು. ಕಾಗದದ ಮೇಲೆ ಇದು 1990ರ ದಶಕದಿಂದ ಗೊತ್ತಿತ್ತು. ಪೀಟರ್ ಶೋರ್ ಮೊದಲ ಕ್ವಾಂಟಮ್ ತಪ್ಪು ತಿದ್ದುವ ಕೋಡ್ ಕೊಟ್ಟಿದ್ದೇ 1995ರಲ್ಲಿ. ಚಿಪ್ ಮೇಲೆ ಕಂಡದ್ದು ಸುಮಾರು ಮೂವತ್ತು ವರ್ಷ ಬಿಟ್ಟು.

ವಿಲೋದಲ್ಲಿ 3, 5, 7 ಮೂರನ್ನೂ ಮಾಡಿ ನೋಡಿದರು. ಒಂದೊಂದು ಸಲ ಚೌಕ ದೊಡ್ಡದು ಮಾಡಿದಾಗಲೂ ತಪ್ಪಿನ ಪ್ರಮಾಣ 2.14 ಪಟ್ಟು ಇಳಿಯಿತು. ಏಳಕ್ಕೆ ಏಳರಲ್ಲಿ ಸುಮಾರು 700 ಸುತ್ತಿಗೆ ಒಂದು ತಪ್ಪು (ಕಾವಲಿನವರೆಲ್ಲ ಒಮ್ಮೆ ತಪಾಸಣೆ ಮಾಡಿದರೆ ಒಂದು ಸುತ್ತು). ಆ ಲಾಜಿಕಲ್ ಕ್ಯೂಬಿಟ್, ತನ್ನೊಳಗಿನ ಅತ್ಯುತ್ತಮ ಕ್ಯೂಬಿಟ್‌ಗಿಂತ 2.4 ಪಟ್ಟು ಜಾಸ್ತಿ ಹೊತ್ತು ಬಾಳಿತು. ಬಿಡಿ ಕಡ್ಡಿಗಿಂತ ಕಟ್ಟು ಗಟ್ಟಿ ಎಂದು ನಾವು ಸುಲಭಕ್ಕೆ ಹೇಳಿಬಿಡುತ್ತೇವೆ, ಇಲ್ಲಿ ಅದು ನಿಜವಾಗುವುದಕ್ಕೇ ಇಷ್ಟು ವರ್ಷ ಬೇಕಾಯಿತು.

ಕಾಂಡೋರ್‌ನಲ್ಲಿ ಐಬಿಎಂ ತೋರಿಸಿದ್ದು ಅಷ್ಟು ಕ್ಯೂಬಿಟ್‌ಗಳನ್ನು ಒಂದೇ ಚಿಪ್‌ನಲ್ಲಿ, ಒಂದೇ ಫ್ರಿಜ್‌ನಲ್ಲಿ ಕೂರಿಸಬಹುದು ಎಂದು. ಅದೂ ಸಣ್ಣ ಕೆಲಸ ಅಲ್ಲ. ಆದರೆ ಪ್ರಶ್ನೆಯೇ ಬೇರೆ.

ಸೊನ್ನೆ_ಒಂದು:

ಅಬ್ಬಾ, ಚೌಕಾಬಾರ! ಇದನ್ನು ನಾನು ಸೋಮವಾರ ಕದಿಯುತ್ತೇನೆ, ಬೇಜಾರು ಮಾಡ್ಕೋಬೇಡಿ. ಒಂದು ಅನುಮಾನ ಉಳೀತು. ಕ್ಯೂಬಿಟ್ ನೋಡಿದ ತಕ್ಷಣ ಕೆಟ್ಟುಹೋಗುತ್ತೆ ಅಂತ ನಾನೇ ಪಾಠ ಮಾಡಿದ್ದೇನೆ. ಕಾಪಿ ತೆಗೆಯುವುದಕ್ಕೂ ಆಗಲ್ಲ. ಹಾಗಿದ್ದರೆ ಕಾವಲಿನವನು ತಪ್ಪಾಗಿದೆ ಎಂದು ಹೇಗೆ ಕಂಡುಹಿಡಿಯುತ್ತಾನೆ?

ಮೈನಸ್_273:

ಅವನು ಯಾರನ್ನೂ ಒಬ್ಬೊಬ್ಬರನ್ನಾಗಿ ನೋಡುವುದಿಲ್ಲ. "ನೀನು ಸೊನ್ನೆಯೋ ಒಂದೋ" ಎಂದು ಕೇಳಿದರೆ ಕಥೆ ಮುಗಿಯಿತು. ಅವನು ಕೇಳುವುದು ತನ್ನ ಸುತ್ತಲಿನ ನಾಲ್ಕು ಮನೆಗಳನ್ನು ಒಟ್ಟಿಗೆ: "ನಿಮ್ಮಲ್ಲಿ ಒಂದು ಅನ್ನುವವರು ಸರಿಸಂಖ್ಯೆಯೋ ಬೆಸಸಂಖ್ಯೆಯೋ?" ಉತ್ತರ ಬರುತ್ತದೆ, ಆದರೆ ಯಾರು ಏನು ಎಂಬುದು ಹೊರಗೆ ಬೀಳಲ್ಲ. ಹೋದ ಸುತ್ತಿನಲ್ಲಿ ಸರಿ ಇದ್ದದ್ದು ಈ ಸುತ್ತಿನಲ್ಲಿ ಬೆಸ ಆದರೆ ಇಲ್ಲಿ ಯಾರೋ ತಿರುಗಿ ಬಿದ್ದಿದ್ದಾರೆ ಎಂದರ್ಥ. ಪಕ್ಕದ ಕಾವಲಿನವನೂ ಅದನ್ನೇ ಹೇಳಿದರೆ ಇಬ್ಬರ ನಡುವಿನ ಮನೆ ಮೇಲೆ ಅನುಮಾನ. ಕ್ಯೂಬಿಟ್‌ನಲ್ಲಿ ಇನ್ನೊಂದು ಬಗೆಯ ತಪ್ಪೂ ಇದೆ, ಫೇಸ್ (phase, ಅಲೆಯ ಹಂತ ಇದ್ದ ಹಾಗೆ) ತಿರುಗುವುದು. ಹಾಗಾಗಿ ಅರ್ಧ ಕಾವಲಿನವರು ಇದನ್ನು ನೋಡುತ್ತಾರೆ, ಅರ್ಧ ಜನ ಅದನ್ನು. ಇದೆಲ್ಲ ಸುತ್ತಿಗೆ ಒಂದು ಮೈಕ್ರೋಸೆಕೆಂಡು ಮತ್ತು ಸ್ವಲ್ಪ.

ಗೊಣಗಾಟದ_ಗೋಪಿ:

ಮೈನಸ್ ಅವರು ಚೆನ್ನಾಗಿ ಬರೆದಿದ್ದಾರೆ, ಒಪ್ಪಿದೆ. ಆದರೆ ಹುಡುಗರಿಗೆ ಇನ್ನರ್ಧವನ್ನೂ ಹೇಳಿ ಸರ್.

ಅಲ್ಲಿ ಇದ್ದದ್ದು ಒಂದೇ ಒಂದು ಲಾಜಿಕಲ್ ಕ್ಯೂಬಿಟ್. ಅದು ಲೆಕ್ಕ ಮಾಡಲಿಲ್ಲ. ಸುಮ್ನೆ ನೆನಪು ಇಟ್ಟುಕೊಂಡು ಕೂತಿತ್ತು, ಅಷ್ಟೇ. 700 ಸುತ್ತಿಗೆ ಒಂದು ತಪ್ಪು ಅಂದರೆ ಒಂದು ಮಿಲಿಸೆಕೆಂಡು ದಾಟುವ ಮೊದಲೇ ತಪ್ಪು. ಹತ್ತು ಲಕ್ಷಕ್ಕೆ ಒಂದು ತಪ್ಪಿಗೆ ಇಳಿಸಬೇಕಾದರೆ 27ಕ್ಕೆ 27ರ ಚೌಕ ಬೇಕು, ಅಂದರೆ ಒಂದು ಲಾಜಿಕಲ್ ಕ್ಯೂಬಿಟ್‌ಗೆ 1,457 ಕ್ಯೂಬಿಟ್. ಇದು ಗೂಗಲ್‌ನವರೇ ವಿಲೋ ಬಗ್ಗೆ ಬರೆದ ಪ್ರಬಂಧದ ಲೆಕ್ಕ. ಅದೇ ಪ್ರಬಂಧದಲ್ಲಿ ಇನ್ನೊಂದು ಸಂಗತಿಯನ್ನೂ ಬರೆದುಕೊಂಡಿದ್ದಾರೆ, ಪೇಪರಿನವರು ಯಾರೂ ಎತ್ತಲಿಲ್ಲ. ಇನ್ನೂ ಸರಳವಾದ ಕೋಡ್ ಇಟ್ಟು ತುಂಬಾ ಹೊತ್ತು ಓಡಿಸಿ ನೋಡಿದಾಗ ಸುಮಾರು ಗಂಟೆಗೊಮ್ಮೆ ಒಟ್ಟೊಟ್ಟಿಗೆ ಹಲವು ಕ್ಯೂಬಿಟ್ ಕೆಡುತ್ತಿದ್ದವು. ಕಾರಣ ಅವರಿಗೇ ಪತ್ತೆಯಾಗಿರಲಿಲ್ಲ. ನನಗೆ ಆ ಪ್ರಬಂಧದ ಮೇಲೆ ಗೌರವ ಬಂದಿದ್ದು ಈ ಸಾಲು ಓದಿದ ಮೇಲೆ.

ಗೌರವ ಬಾರದ್ದು ಯಾವುದಕ್ಕೆ ಅಂದರೆ, ಸೂಪರ್ ಕಂಪ್ಯೂಟರ್‌ಗೆ 1ರ ಮುಂದೆ 25 ಸೊನ್ನೆ ಹಾಕಿದಷ್ಟು ವರ್ಷ ಹಿಡಿಯುವ ಕೆಲಸವನ್ನು ವಿಲೋ ಐದು ನಿಮಿಷದೊಳಗೆ ಮಾಡಿತು ಎಂಬ ಗೂಗಲ್‌ನವರ ಮಾತಿಗೆ. ಆ ಕೆಲಸ ಏನು ಅಂದರೆ ಮನಸ್ಸಿಗೆ ಬಂದ ಹಾಗೆ ಗೇಟ್‌ಗಳನ್ನು (ಕ್ಯೂಬಿಟ್ ಮೇಲೆ ಮಾಡುವ ಒಂದೊಂದು ಸಣ್ಣ ಕ್ರಿಯೆ) ಜೋಡಿಸಿ ಏನು ಬರುತ್ತೆ ನೋಡುವುದು. ಯಾರಿಗೂ ಬೇಡದ ಲೆಕ್ಕ. 2019ರಲ್ಲೂ ಇದೇ ಆಯಿತು. ಗೂಗಲ್‌ನವರದೇ ಸಿಕಮೋರ್ ಚಿಪ್ 200 ಸೆಕೆಂಡಿನಲ್ಲಿ ಮಾಡಿದ್ದಕ್ಕೆ ಸೂಪರ್ ಕಂಪ್ಯೂಟರ್‌ಗೆ 10,000 ವರ್ಷ ಬೇಕು ಅಂದರು. ಐಬಿಎಂನವರು ಅಯ್ಯೋ ಎರಡೂವರೆ ದಿನ ಸಾಕು ಅಂದರು. ಆಮೇಲೆ ಚೀನಾದವರು ಗ್ರಾಫಿಕ್ಸ್ ಕಾರ್ಡ್‌ಗಳನ್ನು ಸಾಲಾಗಿಟ್ಟು ಗಂಟೆಗಳಲ್ಲಿ ಮುಗಿಸಿ ತೋರಿಸಿದರು.

ಮೈನಸ್_273:

ಗೋಪಿ ಅವರೇ, 25 ಸೊನ್ನೆ ಬಗ್ಗೆ ನಿಮ್ಮ ಜೊತೆಗೇ ಇದ್ದೇನೆ. ಆದರೆ 2025ರ ಅಕ್ಟೋಬರ್‌ನಲ್ಲಿ ಅದೇ ವಿಲೋ ಮೇಲೆ ಕ್ವಾಂಟಮ್ ಎಕೋಸ್ ಎಂಬ ಲೆಕ್ಕ ಮಾಡಿದರು, ಸೂಪರ್ ಕಂಪ್ಯೂಟರ್‌ಗಿಂತ 13,000 ಪಟ್ಟು ವೇಗ ಎಂದರು. ಸೊನ್ನೆ ಕಮ್ಮಿ, ಆದರೆ ಈ ಸಲದ ಉತ್ತರವನ್ನು ಇನ್ನೊಂದು ಕ್ವಾಂಟಮ್ ಕಂಪ್ಯೂಟರ್‌ನಲ್ಲಿ ತಾಳೆ ನೋಡಬಹುದು. ನನಗೆ ಇದು ಹಳೆಯದಕ್ಕಿಂತ ಹಿಡಿಸಿತು.

ಇನ್ನು 1,457 ಎಂಬುದೂ ಕಲ್ಲಿನಲ್ಲಿ ಬರೆದದ್ದಲ್ಲ. ಐಬಿಎಂನವರು 2024ರಲ್ಲಿ ಬೇರೆ ಬಗೆಯ ಕೋಡ್ ಪ್ರಕಟಿಸಿದರು, 288 ಕ್ಯೂಬಿಟ್‌ನಲ್ಲಿ 12 ಲಾಜಿಕಲ್ ಕ್ಯೂಬಿಟ್ ಹಿಡಿಯುತ್ತೆ. ಅಷ್ಟೇ ಗಟ್ಟಿತನಕ್ಕೆ ಸರ್ಫೇಸ್ ಕೋಡ್‌ನಲ್ಲಿ ಸುಮಾರು ಮೂರು ಸಾವಿರ ಬೇಕಿತ್ತು. ಆದರೆ ಪಕ್ಕದ ಮನೆಯ ಜೊತೆ ಮಾತ್ರ ಮಾತಾಡಿದರೆ ಸಾಲದು, ದೂರದ ಮನೆಗೂ ತಂತಿ ಎಳೆಯಬೇಕು, ಕಷ್ಟ ಇರುವುದು ಅಲ್ಲಿ. ಹಾರ್ವರ್ಡ್‌ನವರ ದಾರಿಯೇ ಬೇರೆ. ಅವರು ಚಿಪ್ಪೇ ಬೇಡ ಎಂದು ಬಿಡಿ ಬಿಡಿ ಪರಮಾಣುಗಳನ್ನು ಲೇಸರ್‌ನಿಂದ ಎತ್ತಿ ಬೇಕಾದ ಕಡೆ ಇಡುತ್ತಾರೆ. ತಂತಿಯ ಗೋಳಿಲ್ಲ, ಪರಮಾಣುವನ್ನೇ ಪಕ್ಕಕ್ಕೆ ತಂದು ಕೂರಿಸಿದರಾಯಿತು. 2023ರಲ್ಲೇ 48 ಲಾಜಿಕಲ್ ಕ್ಯೂಬಿಟ್ ಮೇಲೆ ಲೆಕ್ಕ ಓಡಿಸಿದರು. ನಿಧಾನ, ಅದೊಂದು ದೋಷ.

ಬೀಗದಕೈ:

ಮಾವನವರ ಫಾರ್ವರ್ಡ್ ನನ್ನ ಪಾಲಿಗೆ ಇರಲಿ. ನನ್ನ ಅನ್ನ ಅದರಲ್ಲೇ ಹುಟ್ಟುವುದು.

ಅವರಿಗೆ ಹೇಳಿ, ಈಗ ಇರುವ ಯಾವ ಯಂತ್ರವೂ ಬ್ಯಾಂಕ್ ಬೀಗ ಒಡೆಯಲ್ಲ. ಆರ್‌ಎಸ್‌ಎ ಬೀಗವನ್ನು (ಇಂಟರ್‌ನೆಟ್‌ನಲ್ಲಿ ಹೋಗುವ ಮಾಹಿತಿಯನ್ನು ಗುಟ್ಟಾಗಿಡುವ ಗೂಢಲಿಪಿ) ಕ್ವಾಂಟಮ್ ಕಂಪ್ಯೂಟರ್ ಒಡೆಯಬಲ್ಲದು ಎಂದು ಶೋರ್ 1994ರಲ್ಲೇ ತೋರಿಸಿದ್ದಾರೆ, ಹೌದು. ಯಂತ್ರ ಎಷ್ಟು ದೊಡ್ಡದಿರಬೇಕು ಎಂಬುದೇ ಪ್ರಶ್ನೆ. 2019ರ ಒಂದು ಲೆಕ್ಕದಲ್ಲಿ 2,048 ಬಿಟ್‌ನ ಆರ್‌ಎಸ್‌ಎಗೆ ಎರಡು ಕೋಟಿ ಕ್ಯೂಬಿಟ್, ಎಂಟು ಗಂಟೆ ಬೇಕಿತ್ತು. ಆ ಲೆಕ್ಕ ಮಾಡಿದವರಲ್ಲಿ ಒಬ್ಬರಾದ ಕ್ರೇಗ್ ಗಿಡ್ನಿ 2025ರ ಮೇನಲ್ಲಿ ಮತ್ತೆ ಕೂತು ತೂಗಿ ನೋಡಿದರು. ಹತ್ತು ಲಕ್ಷಕ್ಕಿಂತ ಕಮ್ಮಿ ಕ್ಯೂಬಿಟ್, ಒಂದು ವಾರದೊಳಗೆ. ಚಿಪ್ ಬದಲಾಗಲಿಲ್ಲ, ಬರೀ ಲೆಕ್ಕದ ಜಾಣತನದಿಂದ ಇಪ್ಪತ್ತು ಪಟ್ಟು ಇಳಿಯಿತು. ನನ್ನ ನಿದ್ದೆ ಕೆಡಿಸಿದ್ದು ವಿಲೋ ಅಲ್ಲ, ಇದು.

ಭಯ ಬೇಕಾದದ್ದು ನಾಳಿನ ವ್ಯವಹಾರಕ್ಕಿಂತ ಇವತ್ತಿನ ಗುಟ್ಟಿಗೆ. ಈಗ ಹೋಗುತ್ತಿರುವ ಡೇಟಾವನ್ನು ಹಾಗೇ ಹಿಡಿದು ಮೂಟೆ ಕಟ್ಟಿಟ್ಟುಕೊಂಡು, ಯಂತ್ರ ಬಂದ ದಿನ ಬಿಚ್ಚಬಹುದು. ಯುಪಿಐನಲ್ಲಿ ಕಳಿಸಿದ ನೂರು ರೂಪಾಯಿಗೆ ಯಾರೂ ಅಷ್ಟು ಕಾಯಲ್ಲ. ಆಸ್ಪತ್ರೆ ದಾಖಲೆ, ಸರ್ಕಾರದ ಪತ್ರ, ಅಂಥದ್ದಕ್ಕೆ ಕಾಯುತ್ತಾರೆ. ಅದಕ್ಕೇ ಅಮೆರಿಕದ ನಿಸ್ಟ್ ಸಂಸ್ಥೆ 2024ರ ಆಗಸ್ಟ್‌ನಲ್ಲಿ ಹೊಸ ಬಗೆಯ ಮೂರು ಬೀಗಗಳ ಮಾನದಂಡ ಹೊರಡಿಸಿತು. ಮಾವನವರ ಫೋನಿನಲ್ಲಿ ಕ್ರೋಮ್ ಬ್ರೌಸರ್ ಇದ್ದರೆ, ಎದುರಿನ ಸರ್ವರ್‌ಗೂ ಗೊತ್ತಿದ್ದರೆ, ಆ ಹೊಸ ಬೀಗ ಆಗಲೇ ಬಳಕೆಯಲ್ಲಿದೆ. ಪಿನ್ ಯಾರಿಗೂ ಹೇಳಬೇಡಿ ಎಂದು ಮಾತ್ರ ಮತ್ತೆ ಹೇಳಿ. ಅದನ್ನು ಕದಿಯೋಕೆ ಕ್ಯೂಬಿಟ್ ಬೇಡ, ಒಂದು ಫೋನ್ ಕಾಲ್ ಸಾಕು.

ಹೊಸ_ಮೆಂಬರ್:

ಮಧ್ಯೆ ಬಾಯಿ ಹಾಕ್ತಿದ್ದೇನೆ, ಕ್ಷಮಿಸಿ. ನಾನು ಎಂಜಿನಿಯರಿಂಗ್ ಮೂರನೇ ವರ್ಷ. ಒಂದು ಕಡೆ ವೀಕೆಂಡ್ ಕೋರ್ಸ್ ಅಂತ 18 ಸಾವಿರ ಕಟ್ಟಿ ಸೇರಿದೆ. ನಾಲ್ಕು ಶನಿವಾರ ಶ್ರೋಡಿಂಗರ್ ಅನ್ನೋ ವಿಜ್ಞಾನಿಯ ಕಥೆಯ ಬೆಕ್ಕು ಸತ್ತಿದೆಯೋ ಬದುಕಿದೆಯೋ ಅಂತ ಅದನ್ನೇ ಹೇಳಿದರು. ತಪ್ಪು ತಿದ್ದುವುದರ ಬಗ್ಗೆ ಒಂದು ಸ್ಲೈಡೂ ಇರಲಿಲ್ಲ. ಸರ್ಟಿಫಿಕೇಟ್ ಮಾತ್ರ ದಪ್ಪ ಕಾಗದದಲ್ಲಿ ಕೊಟ್ಟರು. ಬೆಂಗಳೂರಿನಲ್ಲಿ ನಿಜವಾಗಿ ಕೆಲಸ ನಡೆಯುತ್ತಿದೆಯಾ?

ಗೊಣಗಾಟದ_ಗೋಪಿ:

18 ಸಾವಿರ ಬೆಕ್ಕಿಗೆ ಹೋಯಿತು ಅಂದ್ಕೋ ತಮ್ಮಾ.

ನಡೆಯುತ್ತಿದೆ. ಕೇಂದ್ರ ಸರ್ಕಾರದ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ 2023ರ ಏಪ್ರಿಲ್‌ನಲ್ಲಿ ಒಪ್ಪಿಗೆ ಸಿಕ್ಕಿತು, ಆರು ಸಾವಿರ ಕೋಟಿ ಚಿಲ್ಲರೆ. ಅದರ ನಾಲ್ಕು ಹಬ್‌ಗಳಲ್ಲಿ ಕಂಪ್ಯೂಟಿಂಗ್ ಹಬ್ ಇರುವುದು ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ, ಅದೇ ಐಐಎಸ್‌ಸಿ. ಎಂಟು ವರ್ಷದಲ್ಲಿ 50ರಿಂದ 1,000 ಕ್ಯೂಬಿಟ್ ಗುರಿ. ಬೆಂಗಳೂರಿನದೇ ಕ್ಯೂಪಿಎಐ ಎಂಬ ಕಂಪನಿ 2025ರ ಏಪ್ರಿಲ್‌ನಲ್ಲಿ 25 ಕ್ಯೂಬಿಟ್ ಯಂತ್ರ ತೋರಿಸಿತು. ನನ್ನ ಗೊಣಗಾಟ ಒಂದೇ, ನಮ್ಮವರೂ ಎಣಿಕೆ ಹಿಡಿದುಕೊಂಡೇ ಗುರಿ ಬರೆದಿದ್ದಾರೆ. ಎಷ್ಟು ಕ್ಯೂಬಿಟ್ ಅಂತ ಕೇಳುವ ಬದಲು ಎಷ್ಟು ತಪ್ಪು ಅಂತ ಕೇಳುವವರು ಬೇಕು.

ನೀನು ದುಡ್ಡು ಕಟ್ಟಬೇಡ. ಕ್ವಾಂಟಮ್ ಪ್ರೋಗ್ರಾಂ ಬರೆಯುವ ಕಿಸ್‌ಕಿಟ್ ಸಾಫ್ಟ್‌ವೇರ್ ಪುಕ್ಕಟೆ, ಇಳಿಸಿಕೋ. ಮೂರು ಕ್ಯೂಬಿಟ್‌ನ ತಪ್ಪು ತಿದ್ದುವ ಕೋಡ್ ನೀನೇ ಬರೆದು, ಬೇಕಂತಲೇ ಒಂದನ್ನು ಕೆಡಿಸಿ, ಯಾವುದು ಕೆಟ್ಟಿತು ಎಂದು ಪತ್ತೆ ಮಾಡು. ಒಂದು ಭಾನುವಾರದ ಕೆಲಸ.

ಸೊನ್ನೆ_ಒಂದು:

ಇವತ್ತು ಪಾಠ ಆಯಿತು. ಚೌಕಾಬಾರದ ಮನೆ ಬರೆದೆ. 25 ಹುಡುಗ ಹುಡುಗಿಯರನ್ನು ಐದು ಸಾಲಿನಲ್ಲಿ ಕೂರಿಸಿ, ಒಬ್ಬೊಬ್ಬರಿಗೂ ಚೀಟಿ ಕೊಟ್ಟು, ನಡುನಡುವೆ ಕಾವಲಿನವರನ್ನು ನಿಲ್ಲಿಸಿದೆ. ನಾನು ಗುಟ್ಟಾಗಿ ಒಬ್ಬಳ ಚೀಟಿ ಬದಲಿಸಿದೆ. ಎರಡನೇ ಸುತ್ತಿನಲ್ಲೇ ಹಿಡಿದುಬಿಟ್ಟರು. ಪ್ರಿನ್ಸಿಪಾಲರು ಗಲಾಟೆ ಕೇಳಿ ಬಂದು ಬಾಗಿಲಲ್ಲಿ ನಿಂತು ಹೋದರು.

ಆದರೆ ಅದೇ ಕೊನೇ ಬೆಂಚಿನವನು ಮತ್ತೆ ಎದ್ದ. ಸರ್, ಕಾವಲಿನವರು ಹೇಳಿದ್ದನ್ನೆಲ್ಲ ಕೂಡಿಸಿ ಯಾರದು ತಪ್ಪು ಅಂತ ನಾವು ತೀರ್ಮಾನ ಮಾಡೋಕೆ ಇಷ್ಟು ಹೊತ್ತು ಬೇಕಾಯಿತು, ಅಲ್ಲಿ ಮೈಕ್ರೋಸೆಕೆಂಡಿಗೊಂದು ಸುತ್ತು ಅಂತೀರಿ, ಅದನ್ನು ಯಾರು ಅಷ್ಟು ಬೇಗ ಲೆಕ್ಕ ಹಾಕ್ತಾರೆ? ನಾನು ಮತ್ತೆ ನಾಳೆ ಹೇಳ್ತೀನಿ ಅಂದೆ.

ಮೈನಸ್_273:

ಆ ಹುಡುಗನನ್ನು ಲ್ಯಾಬಿಗೆ ಕಳಿಸಿ ಸರ್, ತಮಾಷೆಗಲ್ಲ.

ಅದನ್ನು ಮಾಡುವುದು ಮಾಮೂಲಿ ಕಂಪ್ಯೂಟರ್, ಡಿಕೋಡರ್ ಅನ್ನುತ್ತಾರೆ. ಅದು ಹಿಂದೆ ಬಿದ್ದರೆ ಕೆಲಸ ಬಾಕಿ ಬೆಳೆದು ಬೆಳೆದು ಕ್ವಾಂಟಮ್ ಯಂತ್ರ ಸುಮ್ನೆ ಕೂರಬೇಕಾಗುತ್ತೆ. ಆ ಪ್ರಯೋಗದಲ್ಲಿ ಓಡುತ್ತಿರುವಾಗಲೇ ತಾಳೆ ಹಾಕಿದ್ದು ಐದಕ್ಕೆ ಐದರ ಚೌಕಕ್ಕೆ ಮಾತ್ರ, ಹತ್ತು ಲಕ್ಷ ಸುತ್ತಿನವರೆಗೂ. ಉತ್ತರ ಬರುವುದು ಸರಾಸರಿ 63 ಮೈಕ್ರೋಸೆಕೆಂಡು ತಡ, ಆದರೆ ಆ ತಡ ಬೆಳೆಯಲಿಲ್ಲ, ಅಷ್ಟಕ್ಕೇ ನಿಂತಿತು. ಏಳಕ್ಕೆ ಏಳರ ಲೆಕ್ಕವನ್ನು ಆಮೇಲೆ ಕೂತು ಹಾಕಿದರು.